ಪ್ಲಾಟಿನಂ ಬದಲಿಗೆ ಇಂಗಾಲದ ವೇಗವರ್ಧಕ: ತೊಡಕು ಎಲ್ಲಿದೆ?

ಪ್ರಶ್ನೆ:
ಸಾರಜನಕ ಬೆರೆಸಿದ ಇಂಗಾಲವು ಇಂಧನ ಕೋಶದಲ್ಲಿ (ಜಲಜನಕ ಮತ್ತು ಆಮ್ಲಜನಕದಿಂದ ವಿದ್ಯುತ್ ಉತ್ಪಾದಿಸುವ ಸಾಧನ) ವೇಗವರ್ಧಕವಾಗಿ, ಅಂದರೆ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತುವಾಗಿ, ಪ್ಲಾಟಿನಂಗೆ ಸರಿಸಮನಾಗಿ ಕೆಲಸ ಮಾಡುತ್ತದೆ ಎಂದು ಹಲವು ಸಂಶೋಧನಾ ಪ್ರಬಂಧಗಳಲ್ಲಿ ಓದಿದ್ದೇನೆ. ಆದರೆ ಜಲಜನಕದಿಂದ ಓಡುವ ಕಾರುಗಳಲ್ಲಿ ಇಂದಿಗೂ ಪ್ಲಾಟಿನಂ ಇದೆ. ಇಷ್ಟು ಅಗ್ಗದ ವಸ್ತು ಕೈಗೆಟುಕುವಂತಿದ್ದರೂ ತಯಾರಕರು ಅದನ್ನು ಬಳಸದಿರಲು ಕಾರಣವೇನು? ಸ್ನಾತಕೋತ್ತರ ಪ್ರಾಜೆಕ್ಟಿಗೆ ಈ ವಿಷಯವನ್ನೇ ಆರಿಸಿಕೊಳ್ಳಬೇಕೆಂದಿದ್ದೇನೆ. ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1:
ಆ ಪ್ರಬಂಧಗಳಲ್ಲಿ ಪರೀಕ್ಷೆ ಯಾವ ದ್ರಾವಣದಲ್ಲಿ ನಡೆದಿದೆ ಎಂಬುದನ್ನು ಮೊದಲು ನೋಡಿ. ಆನೋಡಿನಲ್ಲಿ (ಕೋಶಕ್ಕೆ ಜಲಜನಕ ಬರುವ ಬದಿಯ ವಿದ್ಯುದ್ವಾರ) ಜಲಜನಕ ಬಹಳ ಬೇಗ ಒಡೆಯುವುದರಿಂದ ಅಲ್ಲಿ ಅತ್ಯಲ್ಪ ಪ್ಲಾಟಿನಂ ಸಾಕು. ಕ್ಯಾಥೋಡಿನಲ್ಲಿ (ಆಮ್ಲಜನಕ ಬರುವ ಬದಿಯ ವಿದ್ಯುದ್ವಾರ) ಆಮ್ಲಜನಕದ ಅಣು ನಾಲ್ಕು ಎಲೆಕ್ಟ್ರಾನುಗಳನ್ನು ಪಡೆದು ನೀರಾಗುವ ಕ್ರಿಯೆ ತೀರ ನಿಧಾನವಾದ್ದರಿಂದ, ಕೋಶದಲ್ಲಿರುವ ಪ್ಲಾಟಿನಂನ ಬಹುಪಾಲು ಅಲ್ಲಿಗೇ ಬೇಕಾಗುತ್ತದೆ. 2009ರಲ್ಲಿ ಸಾರಜನಕ ಬೆರೆತ ಇಂಗಾಲದ ನ್ಯಾನೊ ನಳಿಕೆಗಳು ಪ್ಲಾಟಿನಂ ಅನ್ನು ಮೀರಿಸಿದವು ಎಂಬ ವರದಿ ದೊಡ್ಡ ಸಂಚಲನ ಉಂಟುಮಾಡಿತು, ಅದು ನಿಜವೂ ಹೌದು. ಆದರೆ ಆ ಅಳತೆ ನಡೆದದ್ದು ಕ್ಷಾರೀಯ ದ್ರಾವಣದಲ್ಲಿ. ಕಾರಿನ ಕೋಶದಲ್ಲಿರುವುದು ಪ್ರೋಟಾನುಗಳನ್ನು ಸಾಗಿಸುವ, ಪ್ರಬಲ ಆಮ್ಲೀಯ ಗುಣದ ಪೊರೆ. ಅಲ್ಲಿ ಲೋಹರಹಿತ ಇಂಗಾಲದ ಚುರುಕು ಬಹಳಷ್ಟು ಕುಗ್ಗುತ್ತದೆ.

ಆಮ್ಲದಲ್ಲಿ ಪ್ಲಾಟಿನಂಗೆ ಹತ್ತಿರ ಬರುವುದು ಇಂಗಾಲದ ಹಾಳೆಯೊಳಗೆ ನಾಲ್ಕು ಸಾರಜನಕ ಪರಮಾಣುಗಳ ನಡುವೆ ಕುಳಿತ ಕಬ್ಬಿಣದ ಪರಮಾಣು. ರಕ್ತದಲ್ಲಿ ಆಮ್ಲಜನಕವನ್ನು ಹಿಡಿಯುವ ಹೀಮ್‌ನಲ್ಲಿಯೂ ಕಬ್ಬಿಣವನ್ನು ನಾಲ್ಕು ಸಾರಜನಕಗಳೇ ಹಿಡಿದಿವೆ. 1964ರಲ್ಲಿ ವಿಜ್ಞಾನಿ ಜಸಿನ್ಸ್ಕಿ ಅವರು ಕೋಬಾಲ್ಟ್ ಥ್ಯಾಲೋಸಯನೀನ್ (ನಾಲ್ಕು ಸಾರಜನಕಗಳು ಕೋಬಾಲ್ಟನ್ನು ಹಿಡಿದಿರುವ ಸಂಯುಕ್ತ) ಕ್ಯಾಥೋಡಿನ ಈ ಕ್ರಿಯೆಗೆ ನೆರವಾಗುವುದನ್ನು ತೋರಿಸಿದಾಗಲೇ ಈ ದಾರಿ ತೆರೆಯಿತು. ಈಗ ಕಬ್ಬಿಣದ ಲವಣ, ಸಾರಜನಕವಿರುವ ಸಂಯುಕ್ತ ಹಾಗೂ ಇಂಗಾಲವನ್ನು ಕೂಡಿಸಿ, ಸಾಮಾನ್ಯವಾಗಿ 700ರಿಂದ 1000 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆರ್ಗಾನ್ ಅಥವಾ ಅಮೋನಿಯಾ ಹರಿವಿನಲ್ಲಿ ಕಾಯಿಸಿ ಇದನ್ನು ತಯಾರಿಸುತ್ತಾರೆ.

ಉತ್ತರ 2:
ಮೇಲಿನ ಉತ್ತರಕ್ಕೆ ಬಾಳಿಕೆಯ ವಿಷಯವನ್ನು ಸೇರಿಸಬೇಕು, ಏಕೆಂದರೆ ನನ್ನ ದೃಷ್ಟಿಯಲ್ಲಿ ನಿಜವಾದ ಅಡ್ಡಿ ಅಲ್ಲಿದೆ. ನಾಲ್ಕು ಎಲೆಕ್ಟ್ರಾನುಗಳ ಬದಲು ಎರಡನ್ನಷ್ಟೇ ಪಡೆದ ಆಮ್ಲಜನಕ ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತದೆ. ವೇಗವರ್ಧಕದಿಂದ ಕರಗಿ ಹೊರಬಂದ ಕಬ್ಬಿಣದ ಅಯಾನು ಅದನ್ನು ಸಂಧಿಸಿದರೆ ಫೆಂಟನ್ ಕ್ರಿಯೆ ನಡೆದು ಅತಿ ಕ್ರಿಯಾಶೀಲವಾದ ಹೈಡ್ರಾಕ್ಸಿಲ್ ರಾಡಿಕಲ್‌ಗಳು ಹುಟ್ಟುತ್ತವೆ, ಮತ್ತು ಅವು ಇಂಗಾಲವನ್ನಷ್ಟೇ ಅಲ್ಲ, ಪೊರೆಯನ್ನೂ ಕೊರೆಯುತ್ತವೆ. ಹೀಗಾಗಿ ಮೊದಲ ಹಲವು ಗಂಟೆಗಳಲ್ಲಿಯೇ ಕೋಶದ ವಿದ್ಯುತ್ ಪ್ರವಾಹ ಗಣನೀಯವಾಗಿ ಇಳಿಯುವುದು ಸಾಮಾನ್ಯ. ಕಾರಿನ ಕೋಶವಾದರೋ ಸಾವಿರಾರು ಗಂಟೆ ನಡೆಯಬೇಕು.

ಇನ್ನೊಂದು ತೊಡಕು ಪದರದ ದಪ್ಪ. ಪ್ಲಾಟಿನಂ ಪದರ ಸುಮಾರು 10 ಮೈಕ್ರೋಮೀಟರ್ ಇದ್ದರೆ ಸಾಕಾಗುವಲ್ಲಿ ಕಬ್ಬಿಣ ಸೇರಿದ ಇಂಗಾಲಕ್ಕೆ 100 ಮೈಕ್ರೋಮೀಟರ್‌ವರೆಗೂ ಬೇಕಾಗಬಹುದು, ಆಗ ಆಮ್ಲಜನಕ ಒಳಗೆ ತಲುಪುವುದೂ ನೀರು ಹೊರಹೋಗುವುದೂ ಕಷ್ಟವಾಗುತ್ತದೆ. ಬೇಡಿಕೆ ಕಡಿಮೆಯಿರುವ ಕಡೆ ಬಾಗಿಲು ತೆರೆದಿದೆ: 2017ರಲ್ಲಿ ಕೆನಡಾದ ಬಲ್ಲಾರ್ಡ್ ಸಂಸ್ಥೆ ಜಪಾನಿನ ನಿಶಿನ್‌ಬೋ ಜೊತೆಗೂಡಿ, ಕ್ಯಾಥೋಡಿನಲ್ಲಿ ಪ್ಲಾಟಿನಂ ಇಲ್ಲದ 30 ವ್ಯಾಟ್‌ನ ಕೋಶವನ್ನು ಪ್ರಕಟಿಸಿತು.

ಪ್ರಶ್ನಿಸಿದವರು:
ಇಬ್ಬರಿಗೂ ಧನ್ಯವಾದಗಳು. ಸಸ್ಯಜನ್ಯ ತ್ಯಾಜ್ಯದಿಂದ ಲೋಹರಹಿತ ಇಂಗಾಲ ತಯಾರಿಸುವ ಯೋಚನೆಯಿತ್ತು. ಪರೀಕ್ಷೆಯಲ್ಲಿ ಯಾವುದಕ್ಕೆ ಹೆಚ್ಚು ಎಚ್ಚರ ವಹಿಸಬೇಕು?

ಉತ್ತರ 3:
ಸಸ್ಯಮೂಲದ ಇಂಗಾಲದಲ್ಲಿ ಕಬ್ಬಿಣ ಸಹಜವಾಗಿಯೇ ಇರುತ್ತದೆ, ಅತಿ ಸೂಕ್ಷ್ಮ ಪ್ರಮಾಣವೂ ಚಟುವಟಿಕೆಯನ್ನು ಬದಲಿಸಬಲ್ಲದು. ಆದ್ದರಿಂದ ಆಮ್ಲದಲ್ಲಿ ತೊಳೆದ ಮೇಲೂ ಐಸಿಪಿ-ಎಂಎಸ್ (ಲೋಹಗಳ ಅತಿ ಸೂಕ್ಷ್ಮ ಪ್ರಮಾಣವನ್ನೂ ಅಳೆಯುವ ವಿಧಾನ) ವಿಶ್ಲೇಷಣೆ ಮಾಡಿಸದೆ ಲೋಹರಹಿತ ಎಂದು ಬರೆಯಬೇಡಿ.

ಅದಕ್ಕಿಂತ ಮುಖ್ಯವಾಗಿ, ಪ್ಲಾಟಿನಂ ತಂತಿಯನ್ನು ಕೌಂಟರ್ ಎಲೆಕ್ಟ್ರೋಡ್ (ಪರೀಕ್ಷೆಯಲ್ಲಿ ವಿದ್ಯುತ್ ಮಂಡಲವನ್ನು ಪೂರ್ಣಗೊಳಿಸುವ ಎದುರು ವಿದ್ಯುದ್ವಾರ) ಆಗಿ ಬಳಸಬೇಡಿ. ದೀರ್ಘಕಾಲ ನಡೆಸಿದಾಗ, ಅದರಲ್ಲೂ ಆಮ್ಲೀಯ ದ್ರಾವಣದಲ್ಲಿ, ಆ ತಂತಿಯಿಂದ ಪ್ಲಾಟಿನಂ ಸ್ವಲ್ಪ ಸ್ವಲ್ಪವೇ ಕರಗಿ ನಿಮ್ಮ ಇಂಗಾಲದ ಮೇಲೆ ಕೂರಬಹುದು. ದಿನ ಕಳೆದಂತೆ ವೇಗವರ್ಧಕ ಸುಧಾರಿಸುತ್ತಿದೆ ಎಂದು ನೀವು ಸಂತೋಷಪಡುವ ಆ ಪ್ರವಾಹ ವಾಸ್ತವವಾಗಿ ಪ್ಲಾಟಿನಂನದೇ ಆಗಿರುತ್ತದೆ. ಗ್ರಾಫೈಟ್ ಕಡ್ಡಿ ಬಳಸಿ. ಉಂಗುರ ಸಹಿತ ತಿರುಗುವ ಡಿಸ್ಕ್ (ಡಿಸ್ಕಿನಲ್ಲಿ ಹುಟ್ಟಿದ ಪೆರಾಕ್ಸೈಡನ್ನು ಉಂಗುರದಲ್ಲಿ ಪತ್ತೆಹಚ್ಚುವ ವಿದ್ಯುದ್ವಾರ) ಸಿಕ್ಕರೆ ಪೆರಾಕ್ಸೈಡ್ ಎಷ್ಟು ಶೇಕಡಾ ಹುಟ್ಟುತ್ತಿದೆ ಎಂಬುದನ್ನೂ ಅಳೆಯಿರಿ, ಮತ್ತು ಒಂದೇ ಮಾದರಿಯ ಫಲಿತಾಂಶವನ್ನು ಕ್ಷಾರ ಹಾಗೂ ಆಮ್ಲ ಎರಡರಲ್ಲೂ ಕೊಡಿ. ಆಮ್ಲದಲ್ಲಿ ಅದು ಸೋತರೂ ಆ ಅಂಕಿಗಳು ಕ್ಷಾರೀಯ ಪೊರೆಯ ಕೋಶಗಳ ಮೇಲೆ ಕೆಲಸ ಮಾಡುವವರಿಗೆ ಬೇಕಾಗುತ್ತವೆ.