ಸುಣ್ಣದ ಗಾರೆಯ ಸ್ಯಾಂಪಲ್ ಬೋರ್ಡ್ ಬಾಗುತ್ತಿದೆ, ಮೇಲೆ ಬಿರುಕು ಬೇರೆ

ಹೊಸಗಾರೆ: ಎಲ್ಲರಿಗೂ ನಮಸ್ಕಾರ. ಗ್ರಾಹಕರಿಗೆ ತೋರಿಸಲು ಪಾಲಿಶ್ ಸುಣ್ಣದ ಗಾರೆಯ ಬೋರ್ಡ್ ಮಾಡುತ್ತಿದ್ದೇನೆ. 6 ಎಂಎಂ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ), 2 ಅಡಿಗೆ 2 ಅಡಿ. ಮುಂಭಾಗಕ್ಕೆ ಗೋಡೆಯ ಪ್ರೈಮರ್ ಒಂದು ಕೋಟ್, ಮೇಲೆ ಗಾರೆ ಎರಡು ಕೋಟ್. ಹಚ್ಚಿದ ಸ್ವಲ್ಪ ಹೊತ್ತಿಗೆ ನಡು ಉಬ್ಬುತ್ತದೆ, ಒಣಗಿದ ಮೇಲೆ ಮೂಲೆಗಳು ಏಳುತ್ತವೆ. ಅಲ್ಲಲ್ಲಿ ಕೂದಲೆಳೆಯಂಥ ಬಿರುಕು. ಬೇಗ ಒಣಗಲಿ ಅಂತ ಫ್ಯಾನ್ ಹಾಕುತ್ತೇನೆ. ಗಾರೆಯ ಮಿಶ್ರಣ ಬದಲಿಸಬೇಕೇ?

ಕರಣೆಕೈ: ಮಿಶ್ರಣ ಮುಟ್ಟಬೇಡಿ, ತೊಂದರೆ ಹಲಗೆಯದು. ಎಂಡಿಎಫ್ ನೀರು ಕುಡಿದರೆ ಹಿಗ್ಗುತ್ತದೆ. ಒಂದೇ ಮುಖ ಕುಡಿದರೆ ಆ ಮುಖ ಉಬ್ಬುತ್ತದೆ. ಆಮೇಲೆ ಅದು ಒಣಗಿ, ಗಾರೆಯೂ ಕುಗ್ಗಿ, ಹಲಗೆಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. 12 ಎಂಎಂ ತೆಗೆದುಕೊಳ್ಳಿ. ಮುಂದೆ, ಹಿಂದೆ, ನಾಲ್ಕೂ ಅಂಚು, ಎಲ್ಲಕ್ಕೂ ಸೀಲರ್ ಹೊಡೆಯಿರಿ. ಅಂಚನ್ನೇ ಹೆಚ್ಚಿನವರು ಬಿಡುತ್ತಾರೆ, ನೀರು ಅತಿ ಬೇಗ ಒಳಹೋಗುವುದು ಅಲ್ಲಿಂದಲೇ. ಸೀಲರ್ ಪೂರ್ತಿ ಒಣಗಿದ ಮೇಲೆ ಮುಂಭಾಗಕ್ಕೆ ಸಣ್ಣ ಮರಳು ಬೆರೆತ ಪ್ರೈಮರ್ ಹಾಕಿ. ಕೈಯಾಡಿಸಿದರೆ ತರಿತರಿ ಅನ್ನಬೇಕು. ನುಣುಪು ಮೈಗೆ ಗಾರೆ ಹಿಡಿಯುವುದಿಲ್ಲ.

ಫ್ಯಾನ್ ದಯವಿಟ್ಟು ನಿಲ್ಲಿಸಿ. ಸುಣ್ಣ ಗಟ್ಟಿಯಾಗುವುದು ಬರೀ ಒಣಗಿ ಅಲ್ಲ, ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು. ಅದಕ್ಕೆ ಒಳಗೆ ಒಂದಿಷ್ಟು ತೇವ ಉಳಿದಿರಬೇಕು. ಮೇಲ್ಮೈ ಮೊದಲೇ ಬಿಗಿದರೆ ಬಿರುಕು ಖಚಿತ. ಕೋಟ್ ಎಷ್ಟು ದಪ್ಪ ಎಳೆಯುತ್ತಿದ್ದೀರಿ?

ಹೊಸಗಾರೆ: ಸುಮಾರು 2 ಎಂಎಂ ಸರ್.

ಕರಣೆಕೈ: ಪಾಲಿಶ್ ಮಾಡುವ ನುಣುಪು ಗಾರೆಗೆ ಅದು ದಪ್ಪವಾಯಿತು. ಕರಣೆಯನ್ನು ಒತ್ತಿ ಹಿಡಿದು 1 ಎಂಎಂಗಿಂತ ತೆಳುವಾಗಿ ಎಳೆಯಿರಿ, ಬೇಕಾದರೆ ಇನ್ನೊಂದು ಕೋಟ್ ಹೆಚ್ಚಾಗಲಿ.

ಬಣ್ಣದಪುಡಿ: ಜಿಪ್ಸಂ ಬೋರ್ಡ್ ಮೇಲೂ ಮಾಡಬಹುದು, ಎಂಡಿಎಫ್‌ನಷ್ಟು ಬಾಗುವುದಿಲ್ಲ. ಆದರೆ ಅಂಚು ಉದುರುತ್ತದೆ, ಸುತ್ತ ಟೇಪ್ ಸುತ್ತಿ. ಬರೀ ಪ್ಲೈವುಡ್ ಬೇಡ, ಮರದ ಕಂದು ಕಲೆ ಮೇಲೆ ಬರುತ್ತದೆ.

ಹೊಸಗಾರೆ: ಎರಡೂ ಕಡೆ ಸೀಲ್ ಮಾಡಿದ 12 ಎಂಎಂ ಹಲಗೆ ನೆಟ್ಟಗೆ ನಿಂತಿದೆ, ಬಿರುಕೂ ಇಲ್ಲ. ತುಂಬಾ ಉಪಕಾರ! ಈಗ ತಿಳಿ ಬಣ್ಣದಲ್ಲಿ ಪಾಲಿಶ್ ಉಜ್ಜುವಾಗ ಬೂದು ಗೆರೆ ಬೀಳುತ್ತಿದೆ.

ಕರಣೆಕೈ: ಅದು ಕರಣೆಯ ಲೋಹ. ಸ್ಟೇನ್‌ಲೆಸ್ ಸ್ಟೀಲಿನದು ಬಳಸಿ, ಅಲಗನ್ನು ಆಗಾಗ ಒರೆಸುತ್ತಿರಿ. ಗಾರೆ ಪೂರ್ತಿ ಒಣಗಿದ ಮೇಲೆ ಉಜ್ಜಿದರೆ ಸ್ಟೇನ್‌ಲೆಸ್ ಕೂಡ ಗೆರೆ ಬಿಡುತ್ತದೆ. ಬೆರಳಿಟ್ಟರೆ ತಣ್ಣಗಿರಬೇಕು, ಗುರುತು ಮಾತ್ರ ಬೀಳಬಾರದು. ಉಜ್ಜಲು ಅದೇ ಹೊತ್ತು.

ಬಣ್ಣದಪುಡಿ: ಒಂದು ಮಾತು ಸೇರಿಸುತ್ತೇನೆ. ಒದ್ದೆ ಬೋರ್ಡ್ ತೋರಿಸಿ ಬಣ್ಣ ಒಪ್ಪಿಸಬೇಡಿ. ಸುಣ್ಣ ಒಣಗಿದಾಗ ಬಣ್ಣ ತುಂಬಾ ತಿಳಿಯಾಗುತ್ತದೆ, ಮೇಣ ಹಚ್ಚಿದರೆ ಮತ್ತೆ ಗಾಢವಾಗುತ್ತದೆ. ಗೋಡೆಗೆ ಮೇಣ ಹಚ್ಚುವುದಾದರೆ ಬೋರ್ಡಿಗೂ ಅದೇ ಮೇಣ ಹಚ್ಚಿ. ನೋಡುವಾಗ ಮೇಜಿನ ಮೇಲೆ ಮಲಗಿಸದೆ, ಆ ಕೋಣೆಯ ಗೋಡೆಗೇ ಒರಗಿಸಿ ನಿಲ್ಲಿಸಿ. ಪಕ್ಕದಿಂದ ಬೆಳಕು ಬಿದ್ದಾಗಲೇ ಕರಣೆಯ ಓಟ ಕಾಣುವುದು. ಹಿಂದುಗಡೆ ಕಿಲೋ ಗಾರೆಗೆ ಎಷ್ಟು ಗ್ರಾಂ ಬಣ್ಣ, ಎಷ್ಟು ಕೋಟ್, ಯಾವ ಮೇಣ, ತಾರೀಖು ಎಲ್ಲ ಬರೆದಿಡಿ. ಗ್ರಾಹಕರು ಒಪ್ಪಿದ ಬೋರ್ಡನ್ನು ಕೆಲಸ ಮುಗಿಯುವವರೆಗೂ ಸೈಟಿನಲ್ಲೇ ಇಟ್ಟುಕೊಳ್ಳಿ.