ಪದಚರ್ಚೆ: ಆಪರೇಟಿಂಗ್ ಸಿಸ್ಟಮ್‌ಗೆ ಏನನ್ನೋಣ? ಜೊತೆಗೆ ‘ಹಾಕಿಸು’, ‘ಹಾಕಿಕೊಳ್ಳು’ ಬಗ್ಗೆ

ಎಲ್ಲರಿಗೂ ನಮಸ್ಕಾರ.

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ ನಿಂತಿತಲ್ಲ, ಅಲ್ಲಿಂದ ಹಳೆ ಕಂಪ್ಯೂಟರ್ ಇಟ್ಟುಕೊಂಡವರದ್ದೆಲ್ಲ ಒಂದೇ ಪ್ರಶ್ನೆ. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಇರಬೇಕು. ಹಳೆಯ ಎಷ್ಟೋ ಯಂತ್ರಗಳಲ್ಲಿ ಅದು ಇಲ್ಲ. ಹೊಸದು ಕೊಳ್ಳಬೇಕಾ, ಉಚಿತವಾಗಿ ಸಿಗುವ ಲಿನಕ್ಸ್‌ಗೆ ಹೋಗಬೇಕಾ, ಆಪಲ್‌ನ ಮ್ಯಾಕ್ ಅಂದರೆ ಏನು ವ್ಯತ್ಯಾಸ? ಇಂಥವರಿಗಾಗಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಮೊದಲ ಸಾಲಲ್ಲೇ ‘ಆಪರೇಟಿಂಗ್ ಸಿಸ್ಟಮ್’ಗೆ, ಅಂದರೆ ಕಂಪ್ಯೂಟರನ್ನು ನಡೆಸುವ ವಿಂಡೋಸ್‌ನಂಥ ಮೂಲ ತಂತ್ರಾಂಶಕ್ಕೆ, ಕನ್ನಡ ಪದ ಸಿಗದೆ ನಿಂತಿದೆ.

ಪಠ್ಯಪುಸ್ತಕದ ಪದ ‘ಕಾರ್ಯಾಚರಣೆ ವ್ಯವಸ್ಥೆ’. ಆದರೆ ಕಾರ್ಯಾಚರಣೆ ಅಂದಕೂಡಲೇ ನಮ್ಮ ಕಿವಿಗೆ ಬೀಳುವುದು ಬೇರೆ. ಒತ್ತುವರಿ ತೆರವು ಕಾರ್ಯಾಚರಣೆ, ಕಾಡಾನೆ ಸೆರೆ ಕಾರ್ಯಾಚರಣೆ, ಪೊಲೀಸರ ಜಂಟಿ ಕಾರ್ಯಾಚರಣೆ. ಎಲ್ಲಕ್ಕೂ ಒಂದು ಶುರು, ಒಂದು ಕೊನೆ ಇದೆ. ಆನೆ ಲಾರಿ ಹತ್ತಿತು, ಕಾರ್ಯಾಚರಣೆ ಮುಗಿಯಿತು. ಕಂಪ್ಯೂಟರಿನದ್ದು ಹಾಗಲ್ಲ, ಆನ್ ಇರುವಷ್ಟು ಹೊತ್ತೂ ನಡೆಯುತ್ತಲೇ ಇರುತ್ತದೆ. ‘ನಿರ್ವಹಣಾ ವ್ಯವಸ್ಥೆ’ ಇನ್ನೊಂದು. ಅದನ್ನು ರಸ್ತೆ ನಿರ್ವಹಣೆ, ಕಸ ನಿರ್ವಹಣೆ ಆಗಲೇ ಹಿಡಿದುಕೊಂಡಿವೆ.

ಮೂಲ ಪದ ಯಾಕೆ ಹಾಗಿದೆ ಅಂತ ನೋಡಿದರೆ ದಾರಿ ಸಿಗಬಹುದು. 1950ರ ದಶಕದ ದೊಡ್ಡ ಕಂಪ್ಯೂಟರುಗಳ ಪಕ್ಕದಲ್ಲಿ ಆಪರೇಟರ್ ಅಂತ ಒಬ್ಬ ಮನುಷ್ಯ ಇರುತ್ತಿದ್ದ. ಒಬ್ಬರ ಕೆಲಸ ಮುಗಿದ ಮೇಲೆ ಟೇಪ್ ಬದಲಿಸಿ, ಕಾರ್ಡು ತುಂಬಿ, ಇನ್ನೊಬ್ಬರ ಕೆಲಸ ಹಚ್ಚುವುದು ಅವನ ಪಾಲಿಗೆ. ಆ ಮಧ್ಯದ ಹೊತ್ತೆಲ್ಲ ಯಂತ್ರ ಸುಮ್ನೆ ಕೂತಿರುತ್ತಿತ್ತು, ಅದೂ ಭಾರಿ ಬೆಲೆಯ ಯಂತ್ರ. 1956ರಲ್ಲಿ ಜನರಲ್ ಮೋಟಾರ್ಸ್ ಮತ್ತು ನಾರ್ತ್ ಅಮೆರಿಕನ್ ಏವಿಯೇಷನ್ ಸೇರಿ ಐಬಿಎಂ 704ಕ್ಕೆ ಬರೆದ ಪ್ರೋಗ್ರಾಂ, ಒಂದು ಕೆಲಸ ಮುಗಿದೊಡನೆ ಮುಂದಿನದನ್ನು ತಾನೇ ಎತ್ತಿಕೊಳ್ಳುತ್ತಿತ್ತು. ಅಂದರೆ ಆಪರೇಟರನ ಕೆಲಸದ ಒಂದು ಪಾಲನ್ನು ಪ್ರೋಗ್ರಾಮೇ ಮಾಡಿತು. ಹಾಗಾದರೆ ನಮಗೆ ಬೇಕಿರುವುದು ‘ನಡೆಸುವುದು’ ಅನ್ನುವ ಅರ್ಥದ ಪದ, ಅಲ್ವಾ? ‘ನಡೆಸುವ ಏರ್ಪಾಟು’ ಅಂತ ಬರೆದು ನೋಡಿದೆ. ಅರ್ಥ ಸರಿ, ಓದಲು ಮಾತ್ರ ಮದುವೆ ಏರ್ಪಾಟಿನ ಹಾಗಿದೆ. ಇನ್ನು ಕನ್ನಡದಲ್ಲಿ ಆಪರೇಟರ್ ಇಂದಿಗೂ ಮನುಷ್ಯನೇ. ಡಿಟಿಪಿ ಆಪರೇಟರ್, ಜೆಸಿಬಿ ಆಪರೇಟರ್.

ಕೈಪಿಡಿಯಲ್ಲಿ ಸದ್ಯಕ್ಕೆ ಆಪರೇಟಿಂಗ್ ಸಿಸ್ಟಮ್‌ನ ಚಿಕ್ಕ ರೂಪ ‘ಓಎಸ್’ ಅಂತಲೇ ಇಟ್ಟಿದ್ದೇನೆ. ಆದರೆ ಬರೆಯುತ್ತಾ ಹೋದಂತೆ ನಾಮಪದಕ್ಕಿಂತ ಕ್ರಿಯಾಪದವೇ ಜಾಸ್ತಿ ಕುತೂಹಲ ಹುಟ್ಟಿಸಿತು. ನಿಜವಾಗಿ ಕೇಳಬೇಕಿರುವುದು ಇದನ್ನೇ.

ವಿಂಡೋಸ್ ಬಳಸುವವರು ಏನಂತಾರೆ ಗಮನಿಸಿ. ‘ವಿಂಡೋಸ್ ಹಾಕಿಸಿದೆ.’ ‘ಫಾರ್ಮ್ಯಾಟ್ ಮಾಡಿಸಿದೆ.’ ಲಿನಕ್ಸ್ ಬಳಸುವವರು ‘ಉಬುಂಟು ಹಾಕ್ಕೊಂಡೆ’ ಅಂತಾರೆ (ಉಬುಂಟು ಲಿನಕ್ಸ್‌ನ ಒಂದು ಬಗೆ). ಮ್ಯಾಕ್‌ನವರದ್ದು ‘ಮ್ಯಾಕ್ ತಗೊಂಡೆ’. ಒಂದು ಕಡೆ ಬೇರೆಯವರ ಕೈಲಿ ಮಾಡಿಸುವ ‘ಇಸು’, ಇನ್ನೊಂದು ಕಡೆ ತಾವೇ ಮಾಡಿಕೊಳ್ಳುವ ‘ಕೊಳ್ಳು’, ಮೂರನೆಯವರಿಗೆ ‘ಹಾಕು’ ಅನ್ನುವುದೇ ಬೇಡ.

ಇದು ಸುಮ್ಮನೆ ಬಂದದ್ದಲ್ಲ ಅನ್ನಿಸುತ್ತದೆ. ವಿಂಡೋಸ್ ಬಳಸುವ ಬಹಳ ಜನಕ್ಕೆ ಅದು ಯಂತ್ರದ ಜೊತೆಗೇ ಬಂದದ್ದು, ಕೆಟ್ಟರೆ ಅಂಗಡಿಯವನು ಹಾಕಿಕೊಡುವಂಥದ್ದು. ಅವರಿಗೆ ಬೇಕಿರುವುದು ಓಎಸ್ ಅಲ್ಲ, ಅದರ ಮೇಲೆ ಓಡುವ ಒಂದೋ ಎರಡೋ ತಂತ್ರಾಂಶ. ಲೆಕ್ಕ ಬರೆಯುವವರಿಗೆ ಟ್ಯಾಲಿ. ಬೆಂಗಳೂರಲ್ಲೇ ಬೆಳೆದ ತಂತ್ರಾಂಶ ಅದು, ಆದರೆ ಓಡುವುದು ವಿಂಡೋಸ್ ಮೇಲೆ. ಕನ್ನಡ ಡಿಟಿಪಿ ಅಂಗಡಿಗಳಿಗೆ ಪುಟ ಜೋಡಿಸುವ ಪೇಜ್‌ಮೇಕರ್ ಮತ್ತು ಕನ್ನಡ ಟೈಪಿಸುವ ನುಡಿ. ಎಲ್ಲ ಭಾಷೆಯ ಅಕ್ಷರಗಳಿಗೂ ತಮ್ಮದೇ ಸಂಖ್ಯೆ ಕೊಡುವ ಯೂನಿಕೋಡ್ ಪೇಜ್‌ಮೇಕರ್‌ಗೆ ಗೊತ್ತಿಲ್ಲ, 2001ರ 7.0 ಆದಮೇಲೆ ಅಡೋಬಿ ಅದನ್ನು ಬೆಳೆಸಲೂ ಇಲ್ಲ. ಹಳೆಯ ನುಡಿ ಫಾಂಟುಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದಂಥವು. ಆ ಫಾಂಟ್ ಇಲ್ಲದ ಕಡೆ ಫೈಲ್ ತೆಗೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಹೀಗೆ ವರ್ಷಗಟ್ಟಲೆ ಮಾಡಿಟ್ಟ ಮದುವೆ ಕಾರ್ಡು, ಸ್ಮರಣ ಸಂಚಿಕೆಗಳ ಫೈಲು ಬಿಟ್ಟು ಯಾರಾದರೂ ಲಿನಕ್ಸ್‌ಗೆ ಬರುತ್ತಾರಾ? ಬನ್ನಿ ಅನ್ನುವವರು ಒಮ್ಮೆ ಆ ಅಂಗಡಿಯಲ್ಲಿ ಕೂತು ನೋಡಬೇಕು.

ಲಿನಕ್ಸ್‌ನವರ ‘ಹಾಕ್ಕೊಂಡೆ’ಯಲ್ಲಿ ಸ್ವಲ್ಪ ಹೆಮ್ಮೆಯೂ ಇದೆ. ಇಂಜಿನಿಯರಿಂಗ್ ಹುಡುಗರು, ಪ್ರೋಗ್ರಾಂ ಬರೆಯುವವರು, ಮುಕ್ತ ತಂತ್ರಾಂಶದ ಮೇಲೆ ಪ್ರೀತಿ ಇರುವವರು ಇವರಲ್ಲಿ ಜಾಸ್ತಿ. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಡಿಸ್ಕ್ ಪಾಲು ಮಾಡಿ, ವೈಫೈ ಸರಿಹೋಗುವ ತನಕ ಒದ್ದಾಡಿದ್ದೆಲ್ಲ ಆ ಒಂದು ‘ಕೊಳ್ಳು’ವಿನಲ್ಲಿ ಬರುತ್ತದೆ. ಮ್ಯಾಕ್‌ಓಎಸ್ ಅನ್ನು ಆಪಲ್‌ನ ಯಂತ್ರ ಬಿಟ್ಟು ಬೇರೆಯದಕ್ಕೆ ಹಾಕಲು ಪರವಾನಗಿಯೇ ಇಲ್ಲ. ಹಾಗಾಗಿ ಪೆಟ್ಟಿಗೆಗೂ ಓಎಸ್‌ಗೂ ಒಂದೇ ಹೆಸರು ಸಾಕು, ‘ತಗೊಂಡೆ’ ಅಂದರೆ ಮುಗಿಯಿತು. ವಿಡಿಯೋ ಎಡಿಟ್ ಮಾಡುವವರು, ವಿನ್ಯಾಸಕಾರರು, ಈಗೀಗ ಐಟಿಯವರು, ಎಲ್ಲರದ್ದೂ ಇದೇ ಮಾತು.

ನಾಲ್ಕನೆಯವರು ಎಲ್ಲರಿಗಿಂತ ಹೆಚ್ಚು, ಆದರೆ ಅವರಿಗೆ ಇಲ್ಲಿ ಕ್ರಿಯಾಪದವೇ ಇಲ್ಲ. ಆಂಡ್ರಾಯ್ಡ್ ಫೋನಿನವರು. ‘ಫೋನು ಅಪ್‌ಡೇಟ್ ಕೇಳ್ತಿದೆ’ ಅಂತಾರೆ. ಕೇಳುವುದು ಫೋನು, ಒಪ್ಪುವುದು ಇವರು. ಆಂಡ್ರಾಯ್ಡ್‌ನ ಒಳಗಿರುವುದು 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಹೆಲ್ಸಿಂಕಿಯಲ್ಲಿ ಶುರು ಮಾಡಿದ ಅದೇ ಲಿನಕ್ಸ್ ತಿರುಳು (ಕರ್ನೆಲ್, ಓಎಸ್‌ನ ಒಳಗಿನ ಮುಖ್ಯ ಭಾಗ). ಹಾಗೆ ನೋಡಿದರೆ ನಮ್ಮ ಊರಿನ ತರಕಾರಿ ಅಂಗಡಿಯವರೂ ಲಿನಕ್ಸ್ ಬಳಕೆದಾರರೇ. ಅವರಿಗೆ ಅದು ತಿಳಿದು ಆಗಬೇಕಾದ್ದೂ ಏನಿಲ್ಲ.

ಈಗ ತೊಂದರೆ ಏನೆಂದರೆ, ಕೈಪಿಡಿಗಳಲ್ಲಿ ಈ ಎಲ್ಲಕ್ಕೂ ‘ಅನುಸ್ಥಾಪಿಸಿ’ (ಇನ್‌ಸ್ಟಾಲ್ ಮಾಡಿ) ಅಂತ ಒಂದೇ ಪದ. ನನಗೆ ಇದು ಒಗ್ಗುತ್ತಿಲ್ಲ. ವಿಗ್ರಹ ಪ್ರತಿಷ್ಠಾಪನೆಯ ಹಾಗೆ ಕೇಳುತ್ತದೆ. ಜೊತೆಗೆ, ತಾನೇ ಮಾಡಿಕೊಂಡದ್ದು ಯಾವುದು, ಬೇರೆಯವರ ಕೈಲಿ ಮಾಡಿಸಿದ್ದು ಯಾವುದು ಅನ್ನುವ ವ್ಯತ್ಯಾಸವೂ ಅಲ್ಲಿ ಮಾಯ. ‘ಅನುಸ್ಥಾಪಿಸಿಕೊಳ್ಳಿ’ ಅನ್ನಬಹುದು, ಸರಿ. ‘ಅನುಸ್ಥಾಪಿಸು’ಗೆ ಪ್ರೇರಣಾರ್ಥಕ, ಅಂದರೆ ಬೇರೆಯವರ ಕೈಲಿ ಮಾಡಿಸುವ ರೂಪ, ಮಾಡಿ ನೋಡಿ. ‘ಇಸು’ ಆಗಲೇ ಒಳಗೆ ಕೂತಿದೆ, ಇನ್ನೊಂದು ಹಿಡಿಸುವುದಿಲ್ಲ! ‘ಹಾಕು’ ಎಷ್ಟು ಹಗುರ ನೋಡಿ, ಹಾಕಿ, ಹಾಕಿಸಿ, ಹಾಕಿಕೊಳ್ಳಿ, ಹಾಕಿಸಿಕೊಳ್ಳಿ. ‘ಹಾಕು’ ಬರವಣಿಗೆಗೆ ತೀರಾ ಹಗುರ ಅನ್ನುವವರೂ ಇದ್ದಾರೆ. ಬೀಗ ಹಾಕು, ಸಹಿ ಹಾಕು, ಅರ್ಜಿ ಹಾಕು ಎಲ್ಲ ಬರವಣಿಗೆಯಲ್ಲಿ ನಡೆಯುವಾಗ ಓಎಸ್ ಹಾಕು ಯಾಕೆ ನಡೆಯಬಾರದು?

ಇನ್ನೊಂದು ಚಿಕ್ಕದು. ಉಬುಂಟು, ಮಿಂಟ್, ಫೆಡೋರಾ ಇವನ್ನೆಲ್ಲ ಒಟ್ಟಿಗೆ ಕರೆಯಲು, ಇಂಗ್ಲಿಷಿನ ‘ಡಿಸ್ಟ್ರಿಬ್ಯೂಷನ್’ಗೆ, ‘ವಿತರಣೆ’ ಅಂತ ಕೆಲವರು ಬರೆಯುತ್ತಾರೆ. ಪಡಿತರ ವಿತರಣೆ, ಬಹುಮಾನ ವಿತರಣೆ ಗೊತ್ತಿರುವವರಿಗೆ ‘ಉಬುಂಟು ಒಂದು ವಿತರಣೆ’ ಅಂದರೆ ತಲೆಬುಡ ತಿಳಿಯುವುದಿಲ್ಲ. ‘ಉಬುಂಟು ಲಿನಕ್ಸ್‌ನ ಒಂದು ಬಗೆ’ ಅಂತ ಬರೆದುಬಿಟ್ಟಿದ್ದೇನೆ. ತಿರುಳು ಒಂದೇ, ಸುತ್ತಲಿನದು ಬೇರೆ ಅನ್ನುವುದು ‘ಬಗೆ’ಯಲ್ಲಿ ಬರುತ್ತದಾ?

‘ಬಳಕೆದಾರ’ ಬಗ್ಗೆಯೂ ಹೇಳಿ. ಏಕವಚನದಲ್ಲಿ ಅದು ಗಂಡಸೇ ಆಗುತ್ತದೆ, ‘ಬಳಕೆದಾರಳು’ ಕಿವಿಗೆ ಹಿತವಿಲ್ಲ. ‘ಬಳಸುಗ’ ಅಂದರೂ ಅದೇ ಕಥೆ. ನಾನು ಎಲ್ಲ ಕಡೆ ‘ಬಳಸುವವರು’ ಮಾಡಿದ್ದೇನೆ.

ಕೊನೆಗೆ, ಬೇರೆ ಬೇರೆ ಕಡೆಯವರು ತಮ್ಮೂರಿನ ಮಾತು ತಿಳಿಸಿದರೆ ಉಪಕಾರ. ‘ಓಎಸ್ ಹೊಡೆಸು’, ‘ವಿಂಡೋಸ್ ಕೂರಿಸು’, ‘ಲೋಡ್ ಮಾಡಿಸು’ ಇವುಗಳಲ್ಲಿ ನಿಮ್ಮ ಕಡೆ ಯಾವುದು ಓಡುತ್ತದೆ? ಹುಬ್ಬಳ್ಳಿ, ಕಲಬುರಗಿ, ಮಂಗಳೂರಿನವರು ಬರೆದರೆ ಇನ್ನೂ ಒಳ್ಳೆಯದು. ಲಿನಕ್ಸ್ ಅನ್ನು ಬೇರೆಯವರ ಕೈಲಿ ‘ಹಾಕಿಸಿದೆ’ ಅನ್ನುವವರು, ವಿಂಡೋಸ್ ಅನ್ನು ತಾವೇ ‘ಹಾಕ್ಕೊಂಡೆ’ ಅನ್ನುವವರು ನಿಮ್ಮ ಸುತ್ತ ಜಾಸ್ತಿ ಇದ್ದರೆ ಅದನ್ನೂ ಹೇಳಿ. ಮೇಲೆ ಹೇಳಿದ ನನ್ನ ಲೆಕ್ಕಾಚಾರ ಅಲ್ಲಿಗೆ ಬಿದ್ದುಹೋಗುತ್ತದೆ.