ಇ-ಆಫೀಸ್‌ಗೆ ಹಳೇ ಕಡತ: ಸ್ಕ್ಯಾನ್ ನಾವೇ ಮಾಡೋದಾ, ಹೊರಗೆ ಕೊಡೋದಾ? ನುಡಿ ಪತ್ರಗಳನ್ನೇನು ಮಾಡೋದು?

ತಾಲ್ಲೂಕು ಎಸ್‌ಡಿಎ:
ಎಲ್ಲರಿಗೂ ನಮಸ್ಕಾರ. ನಾನು ದ್ವಿತೀಯ ದರ್ಜೆ ಸಹಾಯಕ (ಎಸ್‌ಡಿಎ). ತಾಲ್ಲೂಕು ಮಟ್ಟದ ಕಚೇರಿ, ಕಂದಾಯ ಇಲಾಖೆ ಅಲ್ಲ. ಮುಂದಿನ ತಿಂಗಳ 1ರಿಂದ ಕಡತಗಳನ್ನು ಇ-ಆಫೀಸ್‌ನಲ್ಲೇ (ಕಂಪ್ಯೂಟರ್‌ನಲ್ಲೇ ಕಡತ ನಡೆಸುವ ಸರ್ಕಾರಿ ವ್ಯವಸ್ಥೆ) ಮಂಡಿಸಬೇಕು. ಒಟ್ಟು 1,400 ಕಡತ, ಅದರಲ್ಲಿ ಚಾಲ್ತಿಯಲ್ಲಿರೋದು 380. ಕಡತಕ್ಕೆ ಸರಾಸರಿ 60 ಪುಟ. ನಾಲ್ಕು ಕಂಪ್ಯೂಟರ್, ಒಂದು ಎ4 ಫ್ಲಾಟ್‌ಬೆಡ್ ಸ್ಕ್ಯಾನರ್ ಇದೆ. 11 ವರ್ಷದ ಪತ್ರಗಳೆಲ್ಲ ನುಡಿ ಅನ್ನೋ ಕನ್ನಡ ತಂತ್ರಾಂಶದ ನುಡಿ 01 ಇ ಫಾಂಟ್‌ನಲ್ಲಿವೆ. ಸ್ಕ್ಯಾನ್ ನಾವೇ ಮಾಡಬೇಕಾ, ಏಜೆನ್ಸಿಗೆ ಕೊಡಬೇಕಾ? ನುಡಿ ಪತ್ರಗಳನ್ನೆಲ್ಲ ಯುನಿಕೋಡ್‌ಗೆ (ಎಲ್ಲ ಕಂಪ್ಯೂಟರ್‌ಗೂ ಒಂದೇ ಆದ ಅಕ್ಷರ ಸಂಕೇತ) ತರಲೇಬೇಕಾ? ಮಾಡಿದವರು ಹೇಳಿ.

ಅಭಿಲೇಖ ಕೋಣೆ:
ನೀವೇ ಮಾಡಿ, ಹೊರಗೆ ಕೊಡಬೇಡಿ. ಆದರೆ ಆ ಎ4 ಫ್ಲಾಟ್‌ಬೆಡ್ ನಂಬಿಕೊಂಡು ಶುರು ಮಾಡಬೇಡಿ. ಹಳೇ ಟಿಪ್ಪಣಿ ಹಾಳೆ, ನಡವಳಿ ಎಲ್ಲ ಫುಲ್‌ಸ್ಕೇಪ್ ಅಳತೆಯವು, ಎ4 ಗಾಜಿನ ಮೇಲೆ ಇಟ್ಟರೆ ಕೆಳಗಿನ ಒಂದೆರಡು ಸಾಲು ಹೋಗುತ್ತೆ. ಸಾಹೇಬರ ಸಹಿ, ದಿನಾಂಕ ಇರೋದೇ ಆ ಸಾಲಲ್ಲಿ. ಲೀಗಲ್ ಅಳತೆ ಹಿಡಿಯುವ, ಎರಡೂ ಬದಿ ಒಟ್ಟಿಗೆ ಓದುವ ಶೀಟ್ ಫೀಡರ್ ಸ್ಕ್ಯಾನರ್ ಬೇಕು. ನಮ್ಮಲ್ಲಿ ₹38,000 ಬಿತ್ತು.

ಯಂತ್ರ ನಿಮಿಷಕ್ಕೆ 30 ಪುಟ ಎಳೆಯುತ್ತೆ ಅಂತ ಪೆಟ್ಟಿಗೆ ಮೇಲೆ ಬರೆದಿರ್ತಾರೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಹೊತ್ತು ತಿನ್ನೋದು ತಯಾರಿ. ಮೊದಲು ಕಡತ ಬಿಚ್ಚುವ ಮುಂಚೆಯೇ ಪುಟ ಸಂಖ್ಯೆ ಹಾಕಿ. ಟ್ಯಾಗ್ ಬಿಚ್ಚಿದ ಮೇಲೆ ಹಾಕಿದರೆ ಒಂದು ಹಾಳೆ ಜಾರಿದರೂ ಗೊತ್ತಾಗಲ್ಲ. ಆಮೇಲೆ ಗುಂಡುಪಿನ್ನು, ಸ್ಟೇಪಲ್ ತೆಗೆಯಿರಿ. ತುಕ್ಕು ಹಿಡಿದ ಒಂದು ಪಿನ್ ಒಳಗೆ ಹೋದರೆ ಗಾಜಿನ ಮೇಲೆ ಗೀರು ಬಿದ್ದು ಮುಂದಿನ ಪ್ರತಿ ಪುಟದಲ್ಲೂ ಉದ್ದ ಕಪ್ಪು ಗೆರೆ. ತೆಳು ಕಾರ್ಬನ್ ಪ್ರತಿಗಳನ್ನು ಫೀಡರ್‌ಗೆ ಹಾಕಲೇಬಾರದು, ಸುಕ್ಕಾಗಿ ಹರಿಯುತ್ತೆ. ಅವಕ್ಕೆ ನಿಮ್ಮ ಫ್ಲಾಟ್‌ಬೆಡ್ ಇಟ್ಟುಕೊಳ್ಳಿ. ಇಬ್ಬರು ಕೂತರೆ ದಿನಕ್ಕೆ 1,000–1,200 ಪುಟ, ಅದಕ್ಕಿಂತ ಹೆಚ್ಚು ಆಗಲ್ಲ.

ಪತ್ರವ್ಯವಹಾರದ ಪುಟ 200 ಡಿಪಿಐ (ಸ್ಕ್ಯಾನ್ ಎಷ್ಟು ಸೂಕ್ಷ್ಮ ಅನ್ನೋ ಅಳತೆ) ಕಪ್ಪು-ಬಿಳುಪು ಸಾಕು, ಪುಟಕ್ಕೆ ಸುಮಾರು 50 ಕೆಬಿ. 60 ಪುಟ 3 ಎಂಬಿ ಒಳಗೆ ಮುಗಿಯುತ್ತೆ. 300 ಡಿಪಿಐ ಬಣ್ಣದಲ್ಲಿ ಎಳೆದರೆ ಅದೇ ಕಡತ 40 ಎಂಬಿ ದಾಟುತ್ತೆ, 20 ಎಂಬಿ ಮಿತಿಗೆ ಅಪ್‌ಲೋಡ್ ನಿಂತುಹೋಗುತ್ತೆ. ಟಿಪ್ಪಣಿ ಹಾಳೆಗೆ ಮಾತ್ರ ಕಪ್ಪು-ಬಿಳುಪು ಬೇಡ. ಹಸಿರು ಶಾಯಿಯ ಷರಾ ಮಾಯವಾಗುತ್ತೆ. ಗ್ರೇ ಇಡಿ. ಟಿಪ್ಪಣಿ ಭಾಗ ಒಂದು ಪಿಡಿಎಫ್, ಪತ್ರವ್ಯವಹಾರ ಇನ್ನೊಂದು.

ಟೆಂಡರ್ ಶಾಖೆ:
ಮೇಲಿನವರು ಲೆಕ್ಕ ಅರ್ಧಕ್ಕೇ ನಿಲ್ಲಿಸಿದ್ದಾರೆ. 1,400 ಕಡತ, ತಲಾ 60 ಪುಟ ಅಂದರೆ 84,000 ಪುಟ. ದಿನಕ್ಕೆ 1,100ರಂತೆ 76 ಕೆಲಸದ ದಿನ. ಅಷ್ಟು ದಿನ ಇಬ್ಬರು ವಿಷಯ ನಿರ್ವಾಹಕರನ್ನು (ಕಡತ ನೋಡಿಕೊಳ್ಳೋ ಗುಮಾಸ್ತರು) ಪಿನ್ ಕೀಳೋಕೆ ಕೂರಿಸಿದರೆ ಟಪಾಲು ನೋಡೋರು ಯಾರು? ಪುಟಕ್ಕೆ 80 ಪೈಸೆಗೆ ಏಜೆನ್ಸಿ ಸಿಗುತ್ತೆ: ₹67,200, ಶೇ 18 ಜಿಎಸ್‌ಟಿ ಸೇರಿ ₹79,296. ಆ 76 ದಿನದ ಇಬ್ಬರ ಸಂಬಳ ಇದಕ್ಕಿಂತ ಎಷ್ಟು ಜಾಸ್ತಿ ಅಂತ ನೀವೇ ಹಾಕಿ ನೋಡಿ.

ಷರತ್ತು ಬರೆಯೋದರಲ್ಲಿ ಎಲ್ಲ ಇದೆ. ನಮ್ಮ ಮೊದಲ ಕರಾರಿನಲ್ಲಿ ಬಿಟ್ಟುಹೋಗಿದ್ದು ಮೂರು. ಒಂದು, ಖಾಲಿ ಹಿಂಬದಿಯನ್ನೂ ಪುಟ ಅಂತ ಎಣಿಸಿ ಬಿಲ್ ಹಾಕಿದರು. 31,000 ಪುಟದ ಬಿಲ್ಲಿನಲ್ಲಿ 6,400 ಬರೀ ಬಿಳಿ ಹಾಳೆ. ‘ಬರಹ ಇರುವ ಬದಿಗೆ ಮಾತ್ರ ದರ’ ಅಂತ ಬರೆಯಿರಿ. ಎರಡು, ಕಡತದ ಹೆಸರು. ಯಂತ್ರ ತಾನೇ ಕೊಟ್ಟ ಸಂಖ್ಯೆಯಲ್ಲಿ 500 ಪಿಡಿಎಫ್ ಒಪ್ಪಿಸಿದರು, ಒಂದೊಂದನ್ನೂ ತೆರೆದು ಹೆಸರು ಬದಲಿಸೋಕೆ 9 ದಿನ ಹಿಡಿಯಿತು. ‘ಶಾಖೆ, ಕಡತ ಸಂಖ್ಯೆ, ವರ್ಷ, ಟಿಪ್ಪಣಿ ಅಥವಾ ಪತ್ರ’ ಅನ್ನೋ ಮಾದರಿಯನ್ನು ಕರಾರಿಗೇ ಲಗತ್ತಿಸಿ. ಮೂರು, ಮರುಸ್ಕ್ಯಾನ್. ನೂರಕ್ಕೆ ಹತ್ತು ಕಡತ ತೆಗೆದು ಪುಟ ಪುಟ ನೋಡಿ, ಎರಡರಲ್ಲಿ ತಪ್ಪು ಸಿಕ್ಕರೆ ಇಡೀ ನೂರು ವಾಪಸ್. ಹಣದಲ್ಲಿ ಶೇ 20 ಕೊನೆವರೆಗೂ ಹಿಡಿದಿಟ್ಟುಕೊಳ್ಳಿ.

ಅಭಿಲೇಖ ಕೋಣೆ:
ಟೆಂಡರ್ ಶಾಖೆಯವರೇ, 6,400 ಬಿಳಿ ಹಾಳೆ, 9 ದಿನ ಹೆಸರು ಬದಲಾವಣೆ. ನಿಮ್ಮ ಲೆಕ್ಕದಲ್ಲೇ ನಷ್ಟ ಕಾಣ್ತಿದೆ, ಮತ್ತೆ ಅದನ್ನೇ ಮಾಡಿ ಅಂತೀರಿ! ಮೂಲ ಕಡತ ಕಚೇರಿ ಬಾಗಿಲು ದಾಟಿ ಹೋದರೆ ಹೊಣೆ ಯಾರದು? ಸೇವಾ ಪುಸ್ತಕ, ಇಲಾಖಾ ವಿಚಾರಣೆ ಕಡತ, ನ್ಯಾಯಾಲಯ ಪ್ರಕರಣ, ಇವು ಒಂದು ಹಾಳೆ ಕಳೆದರೂ ನೋಟಿಸ್ ಬರೋದು ವಿಷಯ ನಿರ್ವಾಹಕನಿಗೆ.

ಟೆಂಡರ್ ಶಾಖೆ:
ಬಾಗಿಲು ದಾಟಬೇಕು ಅಂತ ನಾನೆಲ್ಲಿ ಹೇಳಿದೆ? ಯಂತ್ರ, ಆಳು ಇಲ್ಲಿಗೇ ಬರಬೇಕು, ನಮ್ಮ ಕೋಣೆಯಲ್ಲೇ ಕೂರಬೇಕು, ಸಂಜೆ ಕಡತ ಎಣಿಸಿ ಬೀರುವಿಗೆ ಹೋಗಬೇಕು. ಓದದೆ ಉತ್ತರ ಬರೆಯಬೇಡಿ ಸರ್. ತಪ್ಪಾಗಿದ್ದನ್ನು ಬಿಚ್ಚಿ ಹೇಳಿದ್ದು ಇವರಿಗೆ ಆಗದಿರಲಿ ಅಂತ.

ಹುಬ್ಬಳ್ಳಿ ಬೆರಳಚ್ಚು:
ಸ್ಕ್ಯಾನರ್ ಜಗಳ ಸಾಕು ಮಾಡ್ರಿ. ನುಡಿ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ರಿ.

ನುಡಿ 01 ಇ ಅಂದ್ರ ಹಳೇ ಆಸ್ಕಿ ಫಾಂಟ್. ಕಂಪ್ಯೂಟರ್ ಒಳಗ ಅದು ಕನ್ನಡ ಅಲ್ಲ, ಇಂಗ್ಲಿಷ್ ಸಂಕೇತಗಳಿಗೆ ಕನ್ನಡದ ಚಿತ್ರ ಹೊದಿಸಿದ್ದು. ಅದನ್ನ ಕಾಪಿ ಮಾಡಿ ಇ-ಆಫೀಸ್ ಹಸಿರು ಟಿಪ್ಪಣಿಗೆ (ಅದರಾಗಿನ ಟಿಪ್ಪಣಿ ಹಾಳೆ) ಅಂಟಿಸಿದ್ರ ಗೆರೆ-ಚುಕ್ಕಿಯ ಪರದೇಶಿ ಅಕ್ಷರ ಬರ್ತಾವ. ಹಂಗಂತ ಹನ್ನೊಂದು ವರ್ಷದ ಪತ್ರ ಎಲ್ಲಾ ಬದಲಿಸೂದು ದಂಡರಿ. ಹೊರಗ ಹೋದ ಪತ್ರ ಇದ್ದಂಗ ಪಿಡಿಎಫ್ ಮಾಡ್ರಿ. ಫಾಂಟ್ ಅದರೊಳಗ ಸೇರಿಕೊಂಡ್ರ ಯಾವ ಕಂಪ್ಯೂಟರ್‌ನಾಗೂ ಸರಿ ಕಾಣ್ತದ. ಹುಡುಕಾಕ ಬರೂದಿಲ್ಲ, ಅಷ್ಟ. ಬದಲಿಸಬೇಕಾದ್ದು ದಿನಾ ಬಳಸೂ ನಮೂನೆ: ಜ್ಞಾಪನ, ಕಾರಣ ಕೇಳುವ ನೋಟಿಸ್, ಮಂಜೂರಾತಿ ಆದೇಶ, ಮಾಹಿತಿ ಹಕ್ಕಿನ ಉತ್ತರ. ಹೆಚ್ಚಂದ್ರ 40–50 ಕಡತ ಆಗ್ತಾವ.

ಪರಿವರ್ತಕಕ್ಕ (ನುಡಿ ಬರಹ ಯುನಿಕೋಡ್ ಮಾಡೂ ತಂತ್ರಾಂಶ) ಹಾಕೂ ಮುಂದ ನಕಲು ಇಟ್ಕೊಳ್ರಿ. ಪತ್ರದ ನಡುವ ಟೈಮ್ಸ್ ನ್ಯೂ ರೋಮನ್‌ನಾಗ ಇಂಗ್ಲಿಷ್ ಹೆಸರು, ವಾಹನ ಸಂಖ್ಯೆ, ಬ್ಯಾಂಕ್ ಕೋಡ್ ಇದ್ರ, ಎಲ್ಲಾ ಒಮ್ಮೆಲೇ ಹಾಕಿದ್ರ ಅದನ್ನೂ ಕನ್ನಡ ಅಂತ ತಿಳಿದು ಕೆಡಿಸ್ತದ. ವರ್ಡ್‌ನಾಗ ಒಂದು ನುಡಿ ಪದದ ಮ್ಯಾಲೆ ಕರ್ಸರ್ ಇಟ್ಟು, ಒಂದೇ ವಿನ್ಯಾಸದ ಬರಹ ಎಲ್ಲಾ ಆರಿಸೂ ಆಯ್ಕೆ ಒತ್ತಿ, ಅಷ್ಟ ಮಾತ್ರ ಬದಲಿಸ್ರಿ. ಅಂಕಿ ನೋಡ್ರಿ: ಕೆಲವು ಪರಿವರ್ತಕ 123 ಇದ್ದದ್ದನ್ನ ೧೨೩ ಮಾಡ್ತಾವ. ಪತ್ರದಾಗ ಚಂದ, ಎಕ್ಸೆಲ್‌ನಾಗ ಮೊತ್ತ ಕೂಡೂದಿಲ್ಲ. ಪುಟದ ತಲೆ-ಅಡಿಯ ಬರಹ, ಕೋಷ್ಟಕದ ಒಳಗಿಂದು ಬಿಟ್ಟುಹೋಗ್ತಾವ, ಕೈಯಿಂದ ಮಾಡ್ರಿ. ಕಡೀಗೆ ಅರ್ಕಾವತ್ತು ಇರೋ ಪದ ಒಂದೊಂದ ಓದ್ರಿ: ವರ್ಗಾವಣೆ, ಕಾರ್ಯಾಲಯ, ನಿರ್ದೇಶಕರು. ಕೆಡೂದು ಅಲ್ಲೇ.

ಹೊಸ ಬ್ಯಾಚ್:
ಇಷ್ಟೆಲ್ಲ ಯಾಕೆ? ನುಡಿಯನ್ನೇ ತೆಗೆದು ಎಸೆಯಿರಿ. ಫೋನಿನಲ್ಲಿ ಹೇಳಿದರೆ ಕನ್ನಡ ಬರುತ್ತೆ, ಕಂಪ್ಯೂಟರ್‌ನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಬರುತ್ತೆ.

ಹುಬ್ಬಳ್ಳಿ ಬೆರಳಚ್ಚು:
ತಮ್ಮಾ, ಫಾಂಟ್ ಬ್ಯಾರೆ, ಕೀಲಿಮಣೆ ಬ್ಯಾರೆ. ಕೆ.ಪಿ. ರಾವ್ ಅವರ ವಿನ್ಯಾಸದಾಗ ಬೆರಳು ಕೂತವರಿಗೆ ಅದನ್ನ ಬಿಡ್ರಿ ಅನ್ನೂದು ತಪ್ಪು. ನುಡಿ 6ರಾಗ ಅದೇ ಕೀಲಿ ಒತ್ತಿ ಯುನಿಕೋಡ್ ಬರಿಬಹುದು. ಬದಲಾಗೂದು ಫಾಂಟ್ ಅಷ್ಟ: ಟುಂಗಾ ಇಲ್ಲಾ ನಿರ್ಮಲಾ. ಧ್ವನಿಯಿಂದ ಬರೆದ ಪತ್ರದಾಗ ‘ಜ್ಞಾಪನ’ ತಪ್ಪಿದ್ರ ಸಹಿ ಮಾಡೂರು ಯಾರನ್ನ ಬೈತಾರ ಅಂತ ಯೋಚನಿ ಮಾಡು.

ಹೊಸ ಬ್ಯಾಚ್:
ಕೀಲಿಮಣೆ ವಿಷಯ ಒಪ್ಪಿದೆ. ಆದರೆ 2012ರ ನಿಯಮದ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಪಾಸಾದವರಿಗೂ ಆಸ್ಕಿ ಯಾವುದು, ಯುನಿಕೋಡ್ ಯಾವುದು ಗೊತ್ತಿಲ್ಲ. ‘ರಾಜ್‌ಕುಮಾರ್’ ಅಂತ ಬಿಡಿಸಿ ಬರೆದದ್ದೂ ‘ರಾಜ್ಕುಮಾರ್’ ಅಂತ ಕೂಡಿಸಿ ಬರೆದದ್ದೂ ಹುಡುಕಾಟಕ್ಕೆ ಬೇರೆ ಬೇರೆ ಹೆಸರು. ಒಬ್ಬನೇ ಅರ್ಜಿದಾರನಿಗೆ ಎರಡು ಕಡತ ಹುಟ್ಟೋದು ಹೀಗೆ. ಅದನ್ನು ಯಾವ ತರಬೇತಿಯಲ್ಲೂ ಹೇಳಲ್ಲ.

ಗ್ರಾಮ ಆಡಳಿತ:
ತರಬೇತಿ ಮಾತು ಬಂತು, ಹೇಳಿಬಿಡ್ತೀನಿ. 2024ರ ಸೆಪ್ಟೆಂಬರ್ ಕೊನೆಯಲ್ಲಿ ಗ್ರಾಮ ಆಡಳಿತ ಅಧಿಕಾರಿಗಳು ಮುಷ್ಕರಕ್ಕೆ ಕೂತಿದ್ದು ತಂತ್ರಜ್ಞಾನ ಬೇಡ ಅಂತಲ್ಲ. ಹತ್ತಾರು ಆ್ಯಪ್ ಕೊಟ್ಟು, ಕೆಲಸಕ್ಕೆ ತಕ್ಕ ಸಾಧನ ಕೊಡದೆ, ಗಡುವು ಮಾತ್ರ ಕೊಟ್ಟಿದ್ದಕ್ಕೆ. ಸ್ವಂತ ಫೋನು, ಸ್ವಂತ ಡೇಟಾ. ಕಚೇರಿಯಲ್ಲಿ ನೆರಳಲ್ಲಿ ಕೂತು ಡಿಪಿಐ ಚರ್ಚೆ ಮಾಡೋರಿಗೆ ಇದು ಅರ್ಥ ಆಗಬೇಕು.

ಅಭಿಲೇಖ ಕೋಣೆ:
ನೆರಳಲ್ಲಿ ಕೂತು ಅನ್ನೋ ಮಾತು ವಾಪಸ್ ತಗೊಳ್ಳಿ. 30 ವರ್ಷದ ಧೂಳು ಕುಡಿದು ಮಾಡೋ ಕೆಲಸ ಇದು. ಮುಖಗವಸು, ಕೈಗವಸು, ಒಣ ಬ್ರಷ್‌ಗೇ ಸಾದಿಲ್ವಾರಿನಲ್ಲಿ (ಕಚೇರಿಯ ಸಣ್ಣಪುಟ್ಟ ಖರ್ಚಿನ ಬಾಬ್ತು) ₹2,300 ಬರೆದಿದ್ದೇವೆ.

ನಿವೃತ್ತ ಶಿರಸ್ತೇದಾರ್:
ಇಬ್ಬರೂ ಸುಮ್ಮನಿರಿ. ಕೇಳಿದವರಿಗೆ ಒಂದು ಮುಖ್ಯ ಮಾತು ಯಾರೂ ಹೇಳಿಲ್ಲ. ಕಾಗದದ ಕಡತ, ಇ-ಕಡತ ಎರಡನ್ನೂ ಜೊತೆಗೆ ಓಡಿಸಬೇಡಿ. ಭೂಮಿ ಯೋಜನೆಯಲ್ಲಿ 2 ಕೋಟಿಯಷ್ಟು ಪಹಣಿ ಕಂಪ್ಯೂಟರ್‌ಗೆ ಹೋಯಿತು ಅಂತ ಎಲ್ಲರೂ ಹೇಳ್ತಾರೆ. ಅದು ನೆಲೆ ನಿಂತಿದ್ದು ಕೈಬರಹದ ಪಹಣಿ ಇನ್ನು ನಡೆಯಲ್ಲ ಅಂತ ತಾಲ್ಲೂಕು ತಾಲ್ಲೂಕಾಗಿ ಘೋಷಿಸಿದ್ದರಿಂದ. ಕಾಗದದ ಮೇಲೆ ಸಹಿ ಪಡೆದು ಆಮೇಲೆ ಇ-ಆಫೀಸ್‌ಗೆ ಏರಿಸುವ ಅಭ್ಯಾಸ ಬಿತ್ತೋ, ಕೆಲಸ ಎರಡರಷ್ಟು, ಯಾವ ಟಿಪ್ಪಣಿ ಕೊನೆಯದು ಅಂತ ಯಾರಿಗೂ ತಿಳಿಯಲ್ಲ. 1ನೇ ತಾರೀಕಿಗೆ ಪ್ರತಿ ಚಾಲ್ತಿ ಕಡತದ ಟಿಪ್ಪಣಿ ಹಾಳೆಯಲ್ಲಿ ‘ಇಲ್ಲಿಗೆ ಮುಕ್ತಾಯ, ಮುಂದುವರಿಕೆ ಇ-ಕಡತ ಸಂಖ್ಯೆ ಇಷ್ಟು’ ಅಂತ ಕೆಂಪು ಶಾಯಿಯಲ್ಲಿ ಬರೆದು ಗೆರೆ ಎಳೆಯಿರಿ. ಆ ಪುಟವನ್ನೂ ಸ್ಕ್ಯಾನ್ ಮಾಡಿ.

1,400ನ್ನೂ ಮುಟ್ಟಬೇಕಾಗಿಲ್ಲ. ಚಾಲ್ತಿಯ 380 ಮಾತ್ರ: 22,800 ಪುಟ, 21 ದಿನದ ಕೆಲಸ. ಮುಗಿದ ಕಡತಗಳನ್ನು ಮೊದಲು ವರ್ಗೀಕರಿಸಿ. ಎ ವರ್ಗ ಶಾಶ್ವತ, ಅದನ್ನು ನಿಧಾನಕ್ಕೆ ಮಾಡಿ. ಅವಧಿ ಮುಗಿದು ನಾಶಕ್ಕೆ ಬಂದ ಕಡತ ಸ್ಕ್ಯಾನ್ ಮಾಡೋದು ಸರ್ಕಾರದ ಹಣ ಪೋಲು.

ಟೆಂಡರ್ ಶಾಖೆ:
ಇದನ್ನು ಒಪ್ಪುತ್ತೇನೆ. ಬರೀ 380 ಆದರೆ ಏಜೆನ್ಸಿ ಬೇಡ.

ಡಿಡಿಒ ಸಹಾಯಕ:
ಡಿಎಸ್‌ಸಿ (ಡಿಜಿಟಲ್ ಸಹಿಯ ಪ್ರಮಾಣಪತ್ರ) ಮರೀಬೇಡಿ. ಇ-ಆಫೀಸ್‌ನಲ್ಲಿ ಕರಡು ಅನುಮೋದನೆ ಆದಮೇಲೆ ಡಿಎಸ್‌ಸಿ ಸಹಿಗೆ ಟೋಕನ್ (ಪ್ರಮಾಣಪತ್ರ ಇರುವ ಯುಎಸ್‌ಬಿ ಸಾಧನ) ಬೇಕು. ಕ್ಲಾಸ್ 2 ನಿಂತಿದ್ದು 2021ರ ಜನವರಿ 1ರಿಂದ, ಈಗ ಕ್ಲಾಸ್ 3 ಮಾತ್ರ. ಎರಡು ವರ್ಷದ್ದು ಟೋಕನ್ ಸಮೇತ ₹1,500ರಿಂದ ₹2,500. ಅವಧಿ ಮುಗಿಯುವ ದಿನಾಂಕವನ್ನು ಟೋಕನ್ ಮೇಲೆ ಚೀಟಿ ಅಂಟಿಸಿ ಬರೆಯಿರಿ, ಒಂದು ತಿಂಗಳು ಮುಂಚೆ ಅರ್ಜಿ ಹಾಕಿ. ತಪ್ಪು ಪಾಸ್‌ವರ್ಡ್ ಪದೇ ಪದೇ ಒತ್ತಿದರೆ ಟೋಕನ್ ಲಾಕ್, ಆಮೇಲೆ ಸಾಮಾನ್ಯವಾಗಿ ಪೂರ್ತಿ ಅಳಿಸಿ ಹೊಸದಾಗಿ ಪ್ರಮಾಣಪತ್ರ ಪಡೆಯಬೇಕು. ಸಹಿ ಬಿದ್ದ ಪತ್ರದಲ್ಲಿ ಒಂದಕ್ಷರ ತಿದ್ದೋಕಾಗಲ್ಲ, ಹೊಸ ಕರಡೇ ಹಾಕಬೇಕು. ಅಧಿಕಾರಿ ಟೋಕನ್ ಮತ್ತು ಪಾಸ್‌ವರ್ಡ್ ನಿಮ್ಮ ಕೈಗೆ ಕೊಟ್ಟು ‘ನೀವೇ ಹಾಕಿ’ ಅಂದರೆ ಒಪ್ಪಬೇಡಿ. ಅದು ಅವರ ಸಹಿ, ಸಿಕ್ಕಿಬೀಳೋದು ನೀವು.

ವರ್ಗಾವಣೆ ಸಮಯದಲ್ಲಿ ಇನ್ನೊಂದು. ಪ್ರಭಾರ ಕೊಡುವ ಮುಂಚೆ ತಮ್ಮ ಇನ್‌ಬಾಕ್ಸ್‌ನಲ್ಲಿರುವ ಕಡತ, ಟಪಾಲು ಎಲ್ಲ ಮುಂದಿನವರಿಗೆ ಕಳುಹಿಸಿ, ಖಾಲಿ ಪರದೆಯ ಪ್ರಿಂಟ್ ತೆಗೆದು ಪ್ರಭಾರ ಪಟ್ಟಿಗೆ ಲಗತ್ತಿಸಿ.

ತಾಲ್ಲೂಕು ಎಸ್‌ಡಿಎ:
ಎಲ್ಲರಿಗೂ ಧನ್ಯವಾದ. 380 ಮಾತ್ರ ನಾವೇ ಮಾಡೋದು ಅಂತ ಸಾಹೇಬರಿಗೆ ಟಿಪ್ಪಣಿ ಇಡ್ತೀನಿ. ಒಂದೇ ಅನುಮಾನ: ಮಧ್ಯಾಹ್ನ 2ರಿಂದ 4 ನಮ್ಮಲ್ಲಿ ಕರೆಂಟ್ ಇರಲ್ಲ. 600 ವಿಎ ಯುಪಿಎಸ್ ಸಾಕಾ?

ಅಭಿಲೇಖ ಕೋಣೆ:
ಸಾಲದು. ಅದು ಕಂಪ್ಯೂಟರ್ ಒಂದನ್ನೇ 10–15 ನಿಮಿಷ ಹಿಡಿಯುತ್ತೆ, ಉಳಿಸಿ ಬಂದ್ ಮಾಡೋಕೆ ಅಷ್ಟೆ. ಸ್ಕ್ಯಾನ್ ಬೆಳಿಗ್ಗೆ ಮತ್ತು 4ರ ಮೇಲೆ ಇಟ್ಟುಕೊಳ್ಳಿ. 2ರಿಂದ 4ರವರೆಗೆ ಪಿನ್ ತೆಗೆಯೋದು, ಪುಟ ಸಂಖ್ಯೆ ಹಾಕೋದು. 50 ಪುಟಕ್ಕೊಮ್ಮೆ ಪಿಡಿಎಫ್ ಉಳಿಸಿ, ನಡುವೆ ಕರೆಂಟ್ ಹೋದರೆ ಉಳಿಸದ ಕಂತು ಪೂರ್ತಿ ಹೋಗುತ್ತೆ. ಟ್ಯಾಗ್ ಹೊಸದು ತರಿಸಿ, ಹಳೇದು ಬಿಚ್ಚಿದರೆ ಮತ್ತೆ ಕಟ್ಟೋಕೆ ಬರಲ್ಲ.

ಹುಬ್ಬಳ್ಳಿ ಬೆರಳಚ್ಚು:
ನಮೂನೆ ಬದಲಿಸೂದೂ ಅದೇ ಹೊತ್ತಿನಾಗ ಆಗ್ತಿತ್ತು, ಕರೆಂಟ್ ಇದ್ದಿದ್ರ. ಇಲ್ಲ ಅಂದ್ರ ಹಳೇ ನಮೂನೆ ಬೆಳಿಗ್ಗೆನ ಪ್ರಿಂಟ್ ತಗದಿಟ್ಟು, ಆ ಎರಡು ತಾಸು ಯಾವುದು ಇಟ್ಕೊಳ್ಳೂದು, ಯಾವುದು ಬಿಡೂದು ಅಂತ ಗುರ್ತ ಹಾಕ್ರಿ. ಐವತ್ತರಾಗ ಇಪ್ಪತ್ತು ಬಿಟ್ಟುಹೋಗ್ತಾವ.